ಮಂಗಳವ್ವನ ಬೆರಳು

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ, ಬೀಜದ ಅಂಗಡಿಯೊಂದರ ಮಹಡಿಯ ಮೇಲೆ, ಮನುಷ್ಯರು ನಂಬಿಕಸ್ತರೋ ಅಲ್ಲವೋ ಎಂದು ನೋಡಿ ಹೇಳುವ ಆಫೀಸೊಂದಿದೆ. ಹಿಂದೆಲ್ಲ ಈ ಕೆಲಸವನ್ನು ಓಣಿಯ ಕಟ್ಟೆಯ ಮೇಲೆ ಕೂತವರು ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದರು. ಈಗ ಅದಕ್ಕೊಂದು ಗಾಜಿನ ಬಾಗಿಲು, ಎರಡು ಕಂಪ್ಯೂಟರು, ಬೆರಳು ಇಡಲು ಹಸಿರು ಬೆಳಕಿನ ಯಂತ್ರ ಬಂದಿವೆ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಕಂಪನಿಗಳು, ಶಾಲೆಗಳು ಅವರನ್ನು ಇಲ್ಲಿಗೆ ಕಳಿಸುತ್ತವೆ. ಬೆರಳು ಕೊಟ್ಟರೆ, ಬಂದವರು ತಾವು ಹೇಳಿಕೊಂಡ ಮನುಷ್ಯರೇ ಹೌದೋ, ಪೊಲೀಸರ ಕಡತದಲ್ಲಿ ಅವರ ಹೆಸರೇನಾದರೂ ಇದೆಯೋ ಎಂದು ತಿಳಿದುಕೊಂಡು ಇವರು ವರದಿ ಬರೆಯುತ್ತಾರೆ.

ಬ್ಯಾಡಗಿಯ ಸುರೇಖಾ ಅಲ್ಲಿಗೆ ಹೋದದ್ದು ಗುರುವಾರ ಮುಂಜಾನೆ. ಹಾವೇರಿ ಹತ್ತಿರದ ಒಂದು ವಸತಿ ಶಾಲೆಯವರು ಅವಳನ್ನು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಸಹಾಯಕ ವಾರ್ಡನ್ ಎಂದು ಆರಿಸಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ. "ಏನವಾ, ಇನ್ನೂ ಮನ್ಯಾಗ ಅದಿ?" ಎಂದು ಕೇಳಿ ಕೇಳಿ ಓಣಿಯವರು ಅವಳ ತಲೆ ತಿಂದಿದ್ದರು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಅದಕ್ಕೂ ಮೊದಲು ಬೆರಳು ಕೊಟ್ಟುಬರುವುದೊಂದು ಬಾಕಿ ಇತ್ತು. ಅದೇನು ಮಹಾ ಎಂದುಕೊಂಡೇ ಮೆಟ್ಟಿಲು ಹತ್ತಿದ್ದಳು.

ಯಂತ್ರದ ಹಿಂದೆ ಕೂತಿದ್ದವನ ಹೆಸರು ಅಬ್ರಾರ. ಸಣ್ಣ ವಯಸ್ಸು, ಮೆತ್ತಗಿನ ಮಾತು.

"ಬಲಗೈದು ನಾಕೂ ಬೆರಳು ಕೂಡಿಸಿ ಇಡ್ರಿ ಅಕ್ಕಾರ. ಭಾಳ ಒತ್ತಬ್ಯಾಡ್ರಿ."

ಇಟ್ಟಳು. ಎಡಗೈಯದನ್ನೂ ಇಟ್ಟಳು. ಹೆಬ್ಬೆರಳು ಎರಡನ್ನೂ ಇಟ್ಟಳು. ಅಬ್ರಾರ ಪರದೆ ನೋಡಿದ, ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಇಡಿಸಿದ. ಆಮೇಲೆ ಕುತ್ತಿಗೆ ತುರಿಸಿಕೊಂಡ.

"ಬೆರಳು ಸರಿ ಮೂಡಿಲ್ಲೇನ್ರಿ?" ಎಂದು ಸುರೇಖಾ ಕೇಳಿದಳು.

"ಛಲೋ ಮೂಡ್ಯಾವ್ರಿ, ಗೆರಿ ಎಲ್ಲಾ ಎದ್ದು ಕಾಣತಾವ. ಆದ್ರ ನಿಮ್ಮ ಆಧಾರ್ ನಂಬರಿನ್ಯಾಗ ಇರೂ ಬೆರಳು ಇವಲ್ಲಂತ. ಬ್ಯಾರೆ ಯಾರದೋ ಅದಾವು."

"ನಂಬರ್ ನಂದ, ಫೋಟೋ ನಂದ. ಬೆರಳು ಬ್ಯಾರೆಯವ್ರದು ಹೆಂಗ ಆಗ್ತಾವ್ರಿ?"

"ಅದ ನನಗೂ ತಿಳೀವಲ್ದು. ಮಸುಕ ಬಂದಿದ್ರ ಮಸುಕ ಬಂದೈತಿ ಅಂತ ಬರೀತಿದ್ನಿ, ಸಾಲಿಯವ್ರೂ ಬಿಡತಿದ್ರು. ಇದಕ್ಕ 'ತಾಳೆಯಾಗಿಲ್ಲ' ಅಂತ ಬರೀಬೇಕು. ಸಣ್ಣ ಹುಡುಗ್ಯಾರು ಇರೂ ಜಾಗಾ ನೋಡ್ರಿ, ಆ ಮಾತು ಬರದ್ರ ಅವ್ರು ತಗೊಳ್ಳೂದಿಲ್ಲ." ಅವಳ ಮುಖ ನೋಡಿ ಅವನಿಗೆ ಕರುಣೆ ಬಂದಿರಬೇಕು. "ಶನಿವಾರ ನಿಮ್ಮ ಮನಿ ವಿಳಾಸ ನೋಡಾಕ ನಾನ ಬ್ಯಾಡಗಿಗೆ ಬರಾಂವ ಅದೇನಿ. ಸಣ್ಣ ಮಷಿನ್ ತರ್ತೇನಿ. ಅಲ್ಲಿ ಇನ್ನೊಮ್ಮೆ ನೋಡೂಣು. ಅದಾದ ಮ್ಯಾಲೆ ನನ್ನ ಕೈಯಾಗ ಏನೂ ಇಲ್ರಿ."

ಬ್ಯಾಡಗಿ ಬಸ್ಸಿನಲ್ಲಿ ಕೂತು ಸುರೇಖಾ ತನ್ನ ಕೈಗಳನ್ನೇ ನೋಡಿದಳು. ಇಷ್ಟು ವರ್ಷ ಅನ್ನ ಕಲಸಿದ, ಪರೀಕ್ಷೆ ಬರೆದ, ಜಡೆ ಹೆಣೆದ ಕೈಗಳೇ. ಕಳವು ಮಾಡಿ ಸಿಕ್ಕಿಬಿದ್ದವಳಂತೆ ಅವಳಿಗೆ ನಾಚಿಕೆಯಾಯಿತು. ಏನು ಕದ್ದದ್ದು ಎಂದು ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರು. ತಾಯಿ ಕರಿಯವ್ವ, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ತಾಯಿಯ ತಂಗಿ ಮಂಗಳವ್ವ, ಸುರೇಖಾಳಿಗೆ ಚಿಗವ್ವ. ತಂದೆ ಡಾಕಪ್ಪ ಗೂಡ್ಸ್ ಗಾಡಿ ಓಡಿಸುವವನು. ಮನೆಗಿಂತ ದಾರಿಯ ಮೇಲೆ ಇದ್ದದ್ದೇ ಹೆಚ್ಚು.

ಮಂಗಳವ್ವನನ್ನು ಸೋಲಾಪುರಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಸುರೇಖಾ ಇನ್ನೂ ಸಣ್ಣವಳಿದ್ದಾಗ ಒಂದು ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದವಳು ಇಲ್ಲೇ ಉಳಿದಳು. ಬಂದವಳು ಸುಮ್ಮನೆ ಕೂತು ಉಣ್ಣಲಿಲ್ಲ. ಹಿತ್ತಲ ತಗಡಿನ ಕೆಳಗೆ ಒಲೆ ಹೂಡಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟಳು. ಮಂಗಳವ್ವನ ರೊಟ್ಟಿ ಎಂದರೆ ಹಾವೇರಿಯವರೆಗೂ ಹೆಸರು. ಆದರೆ ಸರ್ಕಾರದ ಲೆಕ್ಕದಲ್ಲಿ ಈ ಹೆಂಗಸು ಇರಲೇ ಇಲ್ಲ. ಅವಳಿಗೆ ಆಧಾರ್ ಕಾರ್ಡು ಆಗಿರಲಿಲ್ಲ. ಮಾಡಿಸದೆ ಬಿಟ್ಟಳೆಂದಲ್ಲ. ಸೋಲಾಪುರದಿಂದ ಕಾಗದಪತ್ರ ತರಿಸಿಕೊಂಡು ಎಷ್ಟು ಸಲ ಅರ್ಜಿ ಕೊಟ್ಟರೂ, ಕೆಲವು ವಾರಗಳಾದ ಮೇಲೆ ತಿರಸ್ಕೃತ ಎಂಬ ಒಂದೇ ಉತ್ತರ.

ಯಾಕೆ ಎನ್ನುವುದಕ್ಕೆ ಊರಿನವರೆಲ್ಲ ಸೇರಿ ಒಂದು ಕಾರಣ ಕಂಡುಹಿಡಿದಿದ್ದರು: ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಮಂಗಳವ್ವನ ಬೆರಳು ಸವೆದಿವೆ. ಯಾರು ಮೊದಲು ಹೇಳಿದರೋ, ಎಲ್ಲರೂ ಅದನ್ನೇ ಹೇಳಿದರು. ನೋಡಿದರೆ ನಂಬುವಂಥದೇ. ಕೊಬ್ಬರಿ ಎಣ್ಣೆ ಹಚ್ಚು ಎಂದರು, ಹಚ್ಚಿದಳು. ನಿಂಬೆಹಣ್ಣು ತಿಕ್ಕು ಎಂದರು, ತಿಕ್ಕಿದಳು. ಒಂದು ವರ್ಷವಂತೂ ಎರಡು ತಿಂಗಳು ರೊಟ್ಟಿ ಬಡಿಯುವುದನ್ನೇ ಬಿಟ್ಟು, ಖಾನಾವಳಿಯವರನ್ನು ಕಳೆದುಕೊಂಡು, ಮೆತ್ತಗಾದ ಬೆರಳು ಹೊತ್ತು ಹೋಗಿ ಕೊಟ್ಟುಬಂದಳು. ಅದೂ ತಿರಸ್ಕೃತ. ಆಮೇಲೆ ಖಾನಾವಳಿಯವರ ಬಾಗಿಲಿಗೆ ತಾನೇ ಹೋಗಿ ಕೈಮುಗಿದು ಕೆಲಸ ಕೇಳಿದಳು.

ವಿಧವಾ ವೇತನ ಇಲ್ಲ, ರೇಷನ್ ಇಲ್ಲ. ಬಸ್ಸಿನಲ್ಲಿ ಹೆಂಗಸರೆಲ್ಲ ಪುಕ್ಕಟೆ ಹೋಗುವಾಗ ಇವಳೊಬ್ಬಳು ರೊಕ್ಕ ಕೊಟ್ಟು ಚೀಟಿ ತೆಗೆಸಬೇಕು. ಕಂಡಕ್ಟರ್ ಏನೂ ಅನ್ನುತ್ತಿರಲಿಲ್ಲ. ಇವಳೇ ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಯಾರೂ ಕೇಳದಿದ್ದರೂ, "ನನ್ನ ಬೆರಳು ಸವದಾವ್ರಿ" ಎಂದು ಹೇಳಿ ನಗುತ್ತಿದ್ದಳು. ಆ ನಗೆ ಕಂಡರೆ ಸುರೇಖಾಳಿಗೆ ಕಿಟಕಿಯ ಕಡೆ ಮುಖ ತಿರುಗಿಸುವ ಹಾಗೆ ಆಗುತ್ತಿತ್ತು.

ಗುರುವಾರ ಸಂಜೆ ಸುರೇಖಾ ನಡೆದದ್ದನ್ನು ಹೇಳಿದಳು. ಕರಿಯವ್ವ ಮೊದಲು ಯಂತ್ರವನ್ನು ಬೈದಳು, ಆಮೇಲೆ ಆ ಶಾಲೆಯವರನ್ನು ಬೈದಳು, ಕೊನೆಗೆ ಹಣೆಗೆ ಕೈ ಹಚ್ಚಿ ನೆನಪು ಮಾಡಿಕೊಂಡಳು.

"ಮಂಗಳಿ, ಈಕಿಗೆ ಆಧಾರ್ ಮಾಡಿಸಾಕ ಸಾಲಿಗೆ ಕರಕೊಂಡು ಹೋದಾಕಿ ನೀನ ಅಲ್ಲೇನು? ನಾ ಕೆಲಸಕ್ಕ ಹೋಗಿದ್ನಿ."

"ಹೂಂ, ನಾನ." ಮಂಗಳವ್ವ ಹಿಟ್ಟು ನಾದುವುದನ್ನು ನಿಲ್ಲಿಸದೆ ನಕ್ಕಳು. "ಅಯ್ಯ, ಅವತ್ತಿನ ಗದ್ದಲ ಏನ್ ಕೇಳ್ತಿ! ಪಂಚಮಿ ಮರುದಿನ. ಈಕಿ ಹತ್ತೂ ಬೆರಳಿಗೆ ಟೊಪ್ಪಿಗಿ ಹಾಕಿದಂಗ ಗೋರಂಟಿ ಹಚಕೊಂಡಿದ್ಲು. ಆ ಮಷಿನ್ ಒಂದಕ್ಕೂ ಹೂಂ ಅನವಲ್ದು. ಹಿಂದ ನೋಡಿದ್ರ ಊರ ಅಗಸಿ ಬಾಗಲ ತನಕ ಮಂದಿ ಪಾಳಿ. ಬರದುಕೊಳ್ಳಾಂವ ಕಂಪ್ಯೂಟರಿನ್ಯಾಗ ಮಾರಿ ಇಟ್ಟಾಂವ ಮ್ಯಾಲೆ ನೋಡಲಿಲ್ಲ. ಸಣ್ಣ ಹುಡುಗಿ ಅಲ್ಲಾ, ಸಾಲ್ಯಾಗ, ಬ್ಯಾಂಕಿನ್ಯಾಗ ಹುಡುಗರ ಪರವಾಗಿ ದೊಡ್ಡಾವ್ರು ಹೆಬ್ಬೆಟ್ಟು ಒತ್ತೂದಿಲ್ಲೇನು, ಹಂಗ ಅನಕೊಂಡು ನಾನ ಇಟ್ಟುಬಿಟ್ನಿ. ಹತ್ತೂ."

"ಹತ್ತೂ?" ಎಂದಳು ಸುರೇಖಾ.

"ಹತ್ತೂ. ಫಟ್ ಅಂತ ತಗೊಂತು ನೋಡು. ಆಗ ನನ್ನ ಬೆರಳು ಮೆತ್ತಗಿದ್ವು."

ಒಬ್ಬರ ಬೆರಳಿಗೆ ಒಂದೇ ನಂಬರು ಎಂಬುದು ಸುರೇಖಾಳಿಗೆ ಗೊತ್ತಿತ್ತು. ಚಿಗವ್ವನ ಬೆರಳು ಆಗಲೇ ಒಂದು ನಂಬರಿನಲ್ಲಿ ಕೂತಿವೆ. ಅವು ಸುರೇಖಾ ಎಂಬ ಹೆಸರಿನಲ್ಲಿ ಇರುವ ತನಕ ಮಂಗಳವ್ವ ಎಂಬ ಹೆಸರಿಗೆ ಬೆರಳು ಸಿಗುವುದಿಲ್ಲ. ಬೆರಳು ಸವೆದಿಲ್ಲ. ಒಂದು ದಿನವೂ ಸವೆದಿರಲಿಲ್ಲ.

ಬಾಯಿ ತೆರೆದಳು. ಅಷ್ಟರಲ್ಲಿ ಕರಿಯವ್ವ ಚಪ್ಪಾಳೆ ತಟ್ಟಿದಳು.

"ಹಂಗಾರ ಚಿಂತಿ ಯಾಕ? ಶನಿವಾರ ಅಂವ ಬಂದಾಗ ಮಂಗಳಿನ ಬೆರಳ ಇಟ್ರಾತು. ಆಗ ಇಟ್ಟಾಕಿ ಈಗೂ ಇಡ್ಲಿ."

"ಈಗ ನನ್ನವು ಎಲ್ಲಿ ನಡೀತಾವ ಅಕ್ಕಾ?" ಎಂದು ಮಂಗಳವ್ವ ಹಿಟ್ಟಿನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇರ್ಲಿ, ನಾಳೆ ಹಂಚಿನ ಹತ್ರ ಹೋಗೂದಿಲ್ಲ. ಎಣ್ಣಿ ಹಚಕೊಂಡು ಕುಂದ್ರತೇನಿ. ಹುಡುಗಿ ನೌಕರಿ ಅಲ್ಲೇನು."

ತೆರೆದ ಬಾಯಿಯನ್ನು ಸುರೇಖಾ ಮುಚ್ಚಿಕೊಂಡಳು. ಈಗ ಹೇಳಿದರೆ ಬೆರಳು ತಿದ್ದಿಸಬೇಕಾಗುತ್ತದೆ. ತಿದ್ದುಪಡಿಗೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಮೊದಲು ಕೆಲಸ ಕೈಗೆ ಬರಲಿ, ಆಮೇಲೆ ಹೇಳಿದರಾಯಿತು, ಆಮೇಲೆ ತಿದ್ದಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ವರದಿಯ ಜೊತೆ ಹೋಗುವ ಬೆರಳೇ ಕಾಯಂ ದಾಖಲೆ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಶನಿವಾರ ಯಾರ ಬೆರಳು ಹೋಗುತ್ತವೋ ಅವೇ ಅಲ್ಲಿ ಅವಳ ಗುರುತಾಗುತ್ತವೆ. ಆಮೇಲೆ ಬದಲಿಸಲು ಹೋದರೆ ಯಾಕೆ ಎಂದು ಕೇಳುತ್ತಾರೆ. ಅವಳು ಅಂದುಕೊಂಡ ಆಮೇಲೆ ಬರುವುದೇ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದಳು. ಹುಡುಗಿ ಕೆಟ್ಟವಳಲ್ಲ, ಕೆಲಸ ಬೇಕಾಗಿತ್ತು, ಅಷ್ಟೇ.

ಶುಕ್ರವಾರ ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳಲಿಲ್ಲ. ಖಾನಾವಳಿಯವನು ಫೋನು ಮಾಡಿ ಕೂಗಾಡಿದ. "ನಮ್ಮ ಹುಡುಗಿ ಕೆಲಸ ಐತ್ರಿ" ಎಂದು ಮಂಗಳವ್ವ ಮೊಬೈಲನ್ನು ಮೊಣಕೈಯಿಂದ ಹಿಡಿದು ಹೇಳಿದಳು, ಬೆರಳಿಗೆ ಎಣ್ಣೆ ಇತ್ತಲ್ಲ. ದಿನವಿಡೀ ಪಡಸಾಲೆಯಲ್ಲಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೈಗೆ ಕೆಲಸವಿಲ್ಲದೆ ಕೂತು ಗೊತ್ತಿಲ್ಲದವಳು, ಪದೇ ಪದೇ ಎದ್ದು ಒಲೆಯ ಕಡೆ ನೋಡಿ ಬಂದು ಕೂರುತ್ತಿದ್ದಳು. ಸುರೇಖಾ ಪುಸ್ತಕ ಹಿಡಿದುಕೊಂಡು ಅದನ್ನೆಲ್ಲ ನೋಡಿದಳು.

ಶನಿವಾರ ಮಧ್ಯಾಹ್ನ ಅಬ್ರಾರ ಸ್ಕೂಟರಿನ ಮೇಲೆ ಬಂದ. ಮನೆಯ ನಂಬರಿನ ಫೋಟೋ ತೆಗೆದ, ಚಹಾ ಕುಡಿದ. ಮಂಚದ ಮೇಲೆ ತನ್ನ ಟ್ಯಾಬ್ ಇಟ್ಟು ಅದಕ್ಕೆ ಸಣ್ಣ ಯಂತ್ರ ಜೋಡಿಸಿ ಸುರೇಖಾಳ ಬೆರಳು ಇಡಿಸಿದ. ಕೆಂಪು ಬಂತು. ಇನ್ನೊಮ್ಮೆ ಇಡಿಸಿದ. ಮತ್ತೆ ಕೆಂಪು.

"ಬಿಸಿನೀರಾಗ ಕೈ ತೊಳದು, ಒರಸಿ, ಇನ್ನೊಮ್ಮೆ ಇಟ್ಟು ನೋಡ್ತಿರ್ರಿ. ನಿಮ್ಮ ಬಗ್ಗೆ ನೆರಮನಿಯವ್ರನ್ನೂ ಕೇಳಬೇಕಾಗತೈತಿ, ಕೇಳಿ ಬರ್ತೇನಿ" ಎಂದು ಎದುರುಮನೆಯ ಚಾಂದಸಾಬನ ಬಾಗಿಲಿಗೆ ಹೋದ.

ಅವನು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದ ಕರಿಯವ್ವ ತಂಗಿಯ ರಟ್ಟೆ ಹಿಡಿದು ಮಂಚದ ಹತ್ತಿರ ತಂದಳು. "ಲಗೂ ಇಡು."

ಮಂಗಳವ್ವ ಸೆರಗಿನಿಂದ ಬೆರಳು ಒರೆಸಿಕೊಂಡು, ಕಣ್ಣು ಮುಚ್ಚಿ, ತೋರುಬೆರಳನ್ನು ಗಾಜಿನ ಮೇಲೆ ಇಟ್ಟಳು. ಯಂತ್ರ ಒಂದು ಕ್ಷಣ ಯೋಚನೆ ಮಾಡಿತು. ಹಸಿರು ದೀಪ ಹತ್ತಿತು. ಟ್ಯಾಬಿನೊಳಗಿನ ಹೆಣ್ಣು ದನಿ ಸ್ಪಷ್ಟವಾಗಿ ಹೇಳಿತು: "ದೃಢೀಕರಣ ಯಶಸ್ವಿಯಾಗಿದೆ."

"ಆತು, ಆತು, ಕೈ ತೆಗಿ" ಎಂದು ಕರಿಯವ್ವ ಪಿಸುಗುಟ್ಟಿದಳು.

ಮಂಗಳವ್ವ ಕೈ ತೆಗೆಯಲಿಲ್ಲ. ಕಣ್ಣು ತೆರೆದು ಆ ಹಸಿರನ್ನೇ ನೋಡುತ್ತಿದ್ದಳು. "ಅಕ್ಕಾ, ಇದು ಹೂಂ ಅಂತು."

"ಅಂತಲ್ಲ, ತೆಗಿ ಇನ್ನ."

"ನನ್ನ ಬೆರಳಿಗೆ ಹೂಂ ಅಂತು! ಸವದಿಲ್ಲ ಹಂಗಾರ. ಇಲ್ಲಾ ಸವದದ್ದು ಮತ್ತ ಬಂದಾವ." ಅವಳು ಬೆರಳನ್ನು ಮುಖದ ಹತ್ತಿರ ತಂದು, ಇನ್ನೊಬ್ಬರ ಕೂಸನ್ನು ನೋಡುವವರಂತೆ ನೋಡಿದಳು. ಮುಖವೆಲ್ಲ ಅರಳಿತ್ತು. "ಸುರೇಖಾ, ಸೋಮವಾರ ನೀ ಹಾವೇರಿಗೆ ಹೋಗ್ತಿಯಲ್ಲ, ನಾನೂ ಬರ್ತೇನವಾ. ನೀ ನಿನ್ನ ನೌಕರಿಗೆ ಹೋಗು, ನಾ ಹೋಗಿ ನನ್ನ ಅರ್ಜಿ ಕೊಡ್ತೇನಿ. ಈ ಸಲ ಇಲ್ಲ ಅನ್ನಾಕ ಬರೂದಿಲ್ಲ ಅವರಿಗೆ. ನೋಡಿದ್ಯಲ್ಲ ನೀನೂ?"

ಸುರೇಖಾ ನೋಡಿದ್ದಳು. ಸೋಮವಾರ ಈ ಹೆಂಗಸು ಇದೇ ಮುಖ ಹೊತ್ತು ಪಾಳಿಯಲ್ಲಿ ನಿಲ್ಲುತ್ತಾಳೆ, ಮತ್ತೆ ಹತ್ತೂ ಬೆರಳು ಕೊಡುತ್ತಾಳೆ, ಕೆಲವು ವಾರಗಳ ಮೇಲೆ ಮತ್ತೆ ಅದೇ ಉತ್ತರ ಬರುತ್ತದೆ. ಆಗ ತಾನು ಇವಳ ಬೆರಳಿನಿಂದಲೇ ಸಿಕ್ಕ ನೌಕರಿಯಲ್ಲಿ, ಹಾಸ್ಟೆಲ್ಲಿನಲ್ಲಿ ಕೂತಿರುತ್ತೇನೆ. ಆ ನೌಕರಿ ಎಷ್ಟು ಬೇಕಾಗಿತ್ತೋ ಅಷ್ಟೇ ಹೇಸಿಗೆ ಅವಳಿಗೆ ತನ್ನ ಮೇಲೆ ಬಂತು.

ಅಬ್ರಾರ ಒಳಗೆ ಬಂದವನು ಹಸಿರು ನೋಡಿ ಖುಷಿಯಾದ. "ಬಂತಲ್ರಿ! ನಾ ಅಂದಿಲ್ಲೇನು, ಬಿಸಿನೀರು ತೊಳದ್ರ ಬರ್ತಾವಂತ. ಕಳಸ್ತೇನ್ರಿ ಹಂಗಾರ?" ಎಂದು ಟ್ಯಾಬ್ ಎತ್ತಿಕೊಂಡ.

"ಕಳಸಬ್ಯಾಡ್ರಿ."

ಕರಿಯವ್ವ ಮಗಳ ಬೆನ್ನಿಗೆ ಚಿವುಟಿದಳು. ಸುರೇಖಾ ಸರಿದು ನಿಂತಳು.

"ಅದು ನನ್ನ ಬೆರಳಲ್ರಿ, ನಮ್ಮ ಚಿಗವ್ವಂದು. ಸಣ್ಣಾಕಿದ್ದಾಗ ನನ್ನವು ಮೂಡಲಿಲ್ಲಂತ ಆಕಿ ತನ್ನ ಬೆರಳು ಇಟ್ಟಿದ್ಲು. ಅದಕ್ಕ ನನ್ನವು ತಾಳೆ ಆಗವಲ್ವು." ಆಮೇಲೆ ಅಬ್ರಾರನನ್ನು ಬಿಟ್ಟು ಮಂಗಳವ್ವನ ಕಡೆ ತಿರುಗಿದಳು. "ಚಿಗವ್ವಾ, ನಿನ್ನ ಬೆರಳು ಸವದಿಲ್ಲ. ಅವು ನನ್ನ ಹೆಸರಿನ್ಯಾಗ ಅದಾವು. ನನ್ನ ಹೆಸರಿನ್ಯಾಗ ಇದ್ದದ್ದಕ್ಕ ನಿನಗ ಕಾರ್ಡ್ ಆಗಲಿಲ್ಲ. ಇಷ್ಟ ವರ್ಷನೂ ಅದಕ್ಕ ಆಗಲಿಲ್ಲ."

ಅಬ್ರಾರ ಕೈಯಲ್ಲಿದ್ದ ಟ್ಯಾಬನ್ನು ಮೆಲ್ಲಗೆ ಮಂಚದ ಮೇಲೆ ಇಟ್ಟ. "ಖರೇ ಐತ್ರಿ. ಹಂಗ ಆಗಿದ್ರ ಅವ್ರಿಗೆ ಕಾರ್ಡ್ ಬರೂದಿಲ್ಲ," ಎಂದ. "ನಾ 'ತಾಳೆಯಾಗಿಲ್ಲ' ಅಂತನ ಬರೀಬೇಕಾಗತೈತಿ ಅಕ್ಕಾರ. ಯಾಕ ಅಂತ ಕೆಳಗ ಬರೀತೇನಿ. ಸಾಲಿಯವ್ರು ಅದನ್ನ ಓದತಾರೋ ಇಲ್ಲೋ ನನಗ ಗೊತ್ತಿಲ್ಲ." ಇಷ್ಟು ಹೇಳಿ ಯಂತ್ರ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಕರಿಯವ್ವ ಬಾಯಿಗೆ ಬಂದಂತೆ ಮಗಳನ್ನು ಬೈದಳು. ನೌಕರಿ ಕಾಲಿಂದ ಒದ್ದೆಯಲ್ಲ, ಎರಡು ತಿಂಗಳು ತಡೆದು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದಳು. ಮಂಗಳವ್ವನಿಗೂ ಎಂಥದೋ ಸಮಾಧಾನ ಹೇಳಲು ಹೋದಳು. "ಬಿಡು ಮಂಗಳಿ, ಎರಡು ತಿಂಗಳಾಗಿದ್ರ ನಾವ ತಿದ್ದಿಸ್ತಿದ್ವಿ."

"ನನ್ನ ಬೆರಳು ಅಕ್ಕಾ ಅವು," ಎಂದಳು ಮಂಗಳವ್ವ.

ಮಂಗಳವ್ವ ಮಂಚದ ತುದಿಗೆ ಕೂತಳು. ಇಷ್ಟು ವರ್ಷ ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ವಾಪಸು ತೆಗೆದು ನೋಡುತ್ತಿದ್ದಾಳೋ ಎಂಬ ಹಾಗೆ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು:

"ನಿನಗ ಯಾವಾಗ ತಿಳೀತು?"

ಸುಳ್ಳು ಹೇಳಬಹುದಾಗಿತ್ತು. "ಮೊನ್ನೆ ಸಂಜಿಗೆ," ಎಂದಳು ಸುರೇಖಾ.

"ಮತ್ತ ನಿನ್ನೆ ನಾ ಒಲಿ ಆರಿಸಿ, ಕೈಗೆ ಎಣ್ಣಿ ಹಚಕೊಂಡು ಇಲ್ಲೇ ಕುಂತಿದ್ನಿ. ನೀ ಅಲ್ಲಿ ಕುಂತು ನನ್ನ ನೋಡಕೋತ ಇದ್ದಿ."

ಮಂಗಳವ್ವ ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅವತ್ತು ಅದು ಎಂದಿಗಿಂತ ಜೋರಾಗಿತ್ತು.

ಸೋಮವಾರ ಸುರೇಖಾ ಹಾವೇರಿಗೆ ಹೋದದ್ದು ಶಾಲೆಗಲ್ಲ, ಆಧಾರ್ ಕೇಂದ್ರಕ್ಕೆ. ತಪ್ಪು ಹೇಗಾಯಿತೆಂದು ಬರೆದುಕೊಟ್ಟು, ತನ್ನ ಕಣ್ಣು, ಮುಖ ತೋರಿಸಿ, ತನ್ನ ಹತ್ತು ಬೆರಳು ಕೊಟ್ಟು ಬಂದಳು. ಶಾಲೆಯವರು ಆ ವಾರದಲ್ಲೇ ಫೋನು ಮಾಡಿ, ಬೇರೆಯವರನ್ನು ತೆಗೆದುಕೊಂಡೆವು, ಮುಂದಿನ ವರ್ಷ ಜಾಗ ಖಾಲಿಯಾದರೆ ಅರ್ಜಿ ಹಾಕಿ ಎಂದರು. ಮರ್ಯಾದೆಯಾಗಿಯೇ ಹೇಳಿದರು. ಫೋನಿಟ್ಟು ಅವಳು ಬಚ್ಚಲಿಗೆ ಹೋಗಿ, ನೀರು ಬಿಟ್ಟು, ಯಾರಿಗೂ ಕೇಳಿಸದಂತೆ ಅತ್ತಳು.

ಮಂಗಳವ್ವ ಅವಳಿಗೆ ಅನ್ನ ನೀರು ತಪ್ಪಿಸಲಿಲ್ಲ. ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಿದ್ದಳು, ಮೇಲೆ ಬೆಣ್ಣೆ ಇಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಸುರೇಖಾ ನಡುನಡುವೆ ಹೋಗಿ ಒಲೆಯ ಹತ್ತಿರ ಕೂರುತ್ತಿದ್ದಳು. ಚಿಗವ್ವ ಏಳು ಅನ್ನುತ್ತಲೂ ಇರಲಿಲ್ಲ, ಕೂರು ಅನ್ನುತ್ತಲೂ ಇರಲಿಲ್ಲ. ಕ್ಷಮಿಸು ಎಂದು ಹೇಳಿದ್ದಾಯಿತು, ಒಂದಲ್ಲ ಹಲವು ಸಲ. ಹೇಳಿದಷ್ಟಕ್ಕೆ ಮುಗಿಯುವ ಸಿಟ್ಟಲ್ಲ ಅದು ಎಂದು ಅವಳಿಗೂ ಅರ್ಥವಾಗಿತ್ತು.

ಬೆರಳು ಬದಲಾದವು ಎಂಬ ಸಂದೇಶ ಮೊಬೈಲಿಗೆ ಬಂದ ದಿನ ಸುರೇಖಾ ಹಿತ್ತಲಿಗೆ ಹೋಗಿ ಹೇಳಿದಳು. ಮಂಗಳವ್ವ ಹಂಚು ಕೆಳಗಿಳಿಸಿ, ಕೈ ತೊಳೆದು, ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತಳು. ಇಬ್ಬರೂ ಕಾಗಿನೆಲೆ ಮೇಲೆ ಹೋಗುವ ಬಸ್ಸು ಹತ್ತಿ ಹಾವೇರಿಗೆ ಹೋದರು. ಮಂಗಳವ್ವ ತನ್ನ ಚೀಟಿಗೆ ತಾನೇ ರೊಕ್ಕ ಎಣಿಸಿ ಕೊಟ್ಟಳು.

ಕೇಂದ್ರದಲ್ಲಿ ಕೂತಿದ್ದ ಹೆಣ್ಣುಮಗಳು ಕತೆಯೆಲ್ಲ ಕೇಳಿಕೊಂಡು, "ಮೊದಲು ಹಳೇದು ಬಿಟ್ಟೈತಿಲ್ಲೋ ನೋಡೂಣ್ರಿ" ಎಂದು ಸುರೇಖಾಳ ನಂಬರು ಒತ್ತಿ, ಮಂಗಳವ್ವನ ಬೆರಳು ಇಡಿಸಿದಳು.

ಕೆಂಪು ದೀಪ ಹತ್ತಿತು.

"ಏನಂತೈತಿ?" ಎಂದು ಮಂಗಳವ್ವ ಗಾಬರಿಯಾದಳು. ಕೆಂಪು ಕಂಡರೆ ಅವಳಿಗೆ ಇನ್ನೇನು ತಾನೆ ಗೊತ್ತು?

"ಇಲ್ಲ ಅಂತೈತ್ರಿ. ಇವು ಸುರೇಖಾನ ಬೆರಳಲ್ಲಂತ."

ಮಂಗಳವ್ವ ಆ ಕೆಂಪನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕಳು. ಬಸ್ಸಿನಲ್ಲಿ ಪಕ್ಕದವರ ಕಡೆ ತಿರುಗಿ ನಗುತ್ತಿದ್ದ ನಗೆಯಲ್ಲ, ಹೊಟ್ಟೆಯೊಳಗಿಂದ ಬಂದ ನಗೆ. ಅಷ್ಟು ವಾರಗಳಲ್ಲಿ ಮೊದಲ ಸಲ ಸುರೇಖಾಳ ಮುಖವನ್ನು ನೇರ ನೋಡಿದಳು.

"ಕೇಳಿದ್ಯೇನ? ನಿನ್ನವಲ್ಲಂತ."

"ಅಲ್ಲ ಚಿಗವ್ವಾ," ಎಂದಳು ಸುರೇಖಾ. "ನಿನ್ನವು."

ಮಂಗಳವ್ವ ಕುರ್ಚಿ ಮುಂದೆ ಎಳೆದುಕೊಂಡು, ಕೇಳುವ ಮೊದಲೇ ಎರಡೂ ಕೈಯನ್ನು ಮೇಜಿನ ಮೇಲೆ ಅಗಲವಾಗಿ ಇಟ್ಟಳು. "ಬರಕೋರಿ," ಎಂದಳು, ಪಾಳಿಯಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ. "ಮಂಗಳವ್ವ ಅಂತ ಬರಕೋರಿ."